ಡಬ್ಬಿ ಆಮೇಲೆ ಕೊಡಿ, ಮೊದಲು ಲ್ಯಾಬ್ ಕೊಡಿ: ಅರಸೀಕೆರೆಯಿಂದ ಒಂದು ಬಹಿರಂಗ ಪತ್ರ

ಹಾಸನದ ಜಿಲ್ಲಾಧಿಕಾರಿಗಳಿಗೆ,
ತೆಂಗು ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,
ಅರಸೀಕೆರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ,

ಮಾನ್ಯರೇ,

ಬೀಜ ಮತ್ತು ಒಣಹಣ್ಣುಗಳ ರಫ್ತಿನ ಬಗ್ಗೆ ತರಬೇತಿ ಎಂದು ನಮ್ಮ ಕಡೆಯ ರೈತರನ್ನು ಹಾಸನಕ್ಕೆ ಕರೆಯುವುದು ಈಚೆಗೆ ಹೆಚ್ಚಾಗಿದೆ. ಕರೆದಾಗ ಹೋಗುತ್ತೇವೆ. ಒಂದು ಫೈಲು, ಒಂದು ಪೆನ್ನು, ಮಧ್ಯಾಹ್ನಕ್ಕೆ ಹೋಳಿಗೆ ಊಟ. ಪರದೆಯ ಮೇಲೆ ಕ್ಯಾಲಿಫೋರ್ನಿಯಾದ ಬಾದಾಮಿ, ಇರಾನಿನ ಪಿಸ್ತಾ, ಟರ್ಕಿಯ ಅಂಜೂರ. ನಡುವೆ ಎಲ್ಲೋ ಒಂದು ಕಡೆ ತೆಂಗಿನ ಮರದ ಚಿತ್ರ. ಮಾತಾಡಲು ಬಂದವರೆಲ್ಲ ಹೇಳುವುದು ಒಂದೇ: ಪ್ಯಾಕಿಂಗ್ ಚೆನ್ನಾಗಿರಲಿ, ಬ್ರ್ಯಾಂಡ್ ಕಟ್ಟಿ, ಡಬ್ಬಿಯ ಮೇಲೆ ನಿಮ್ಮ ಊರಿನ ಕಥೆ ಬರೆಯಿರಿ. ಕಥೆ ಬರೆಯುವುದಕ್ಕೇನೂ ಅಡ್ಡಿಯಿಲ್ಲ. ಆದರೆ ನಮ್ಮ ಕೊಬ್ಬರಿಗೆ ದುಬಾರಿ ಬೆಲೆ ಕೊಡುವ ಖರೀದಿದಾರ ಮೊದಲು ಕೇಳುವುದು ಒಂದು ಹಾಳೆ ಕಾಗದವನ್ನು, ಲ್ಯಾಬಿನ ಪರೀಕ್ಷಾ ವರದಿಯನ್ನು. ಆ ಕಾಗದ ಕೊಡುವ ಏರ್ಪಾಡು ಅರಸೀಕೆರೆಯ ಮಾರುಕಟ್ಟೆ ಯಾರ್ಡಿನಲ್ಲಿ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಸ್ಥಿತಿ ನಮ್ಮದು. ಅದನ್ನೇ ವಿವರವಾಗಿ ಹೇಳೋಣ ಎಂದು ಈ ಪತ್ರ.

ನಾನು ಬಾಣಾವರ ಹೋಬಳಿಯವನು. ತೆಂಗು ನಮ್ಮ ಮನೆಯ ಬದುಕು. ಊರಿನ ಒಂದಷ್ಟು ಜನ ಸೇರಿ ಕಟ್ಟಿಕೊಂಡ ರೈತರ ಕಂಪನಿಯ ಕೆಲಸವನ್ನೂ ನೋಡಿಕೊಳ್ಳುತ್ತೇನೆ.

ಒಣಹಣ್ಣು, ಬೀಜ ಎಂದ ಕೂಡಲೇ ಎಲ್ಲರಿಗೂ ಗೋಡಂಬಿ, ದ್ರಾಕ್ಷಿ ನೆನಪಾಗುತ್ತವೆ. ಉತ್ತರ ಭಾರತದವರನ್ನು ಕೇಳಿ ನೋಡಿ. ಪಂಚಮೇವಾ ಎಂದು ಅವರು ದೇವರ ಮುಂದಿಡುವ ಐದರಲ್ಲಿ ನಮ್ಮ ಕೊಬ್ಬರಿಯೂ ಒಂದು. ಉಂಡೆ ಕೊಬ್ಬರಿಗೆ ಅವರ ಬಾಯಲ್ಲಿ ಗೋಲಾ. ದೀಪಾವಳಿ, ಭಾಯಿ ದೂಜ್, ಮದುವೆ, ಪ್ರಸಾದ ಎಲ್ಲಕ್ಕೂ ಅದು ಬೇಕು. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣ, ಆಚೆಗೆ ಕಡೂರಿನವರೆಗಿನ ಈ ಬಯಲುಸೀಮೆಯಿಂದ ಲಾರಿಗಟ್ಟಲೆ ಉಂಡೆ ದೆಹಲಿ, ರಾಜಸ್ಥಾನ, ಗುಜರಾತಿನ ಕಡೆ ಹೋಗುತ್ತದೆ. ಅಲ್ಲಿಂದ ಕೈ ಬದಲಾಗುತ್ತಾ ದುಬೈ, ಲಂಡನ್, ನ್ಯೂಜೆರ್ಸಿಯ ಭಾರತೀಯ ಅಂಗಡಿಗಳಿಗೂ ತಲುಪುತ್ತದೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದವರ ಹೆಸರಿರುತ್ತದೆ. ಕಾಯಿ ಯಾವ ಸೀಮೆಯದು ಎಂಬುದು ಇರುವುದಿಲ್ಲ.

ಈ ಕೊಬ್ಬರಿ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತರಬೇತಿ ಕೊಡಲು ಬಂದವರಲ್ಲಿ ಅಟ್ಟ ಹತ್ತಿ ನೋಡಿದವರನ್ನು ನಾನು ಕಂಡಿಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಕೊಟ್ಟಿಗೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ. ಅಟ್ಟ ಎಂದರೆ ಅಡಿಕೆ ದಬ್ಬೆ, ಬಿದಿರು ಅಥವಾ ಮರದ ಪಟ್ಟಿಗಳನ್ನು ಸಂದು ಬಿಟ್ಟು ಹಾಸಿದ ನೆಲ. ಕೆಳಗಿನಿಂದ ಗಾಳಿ ಆಡಬೇಕು. ಅಲ್ಲಿ ಕಾಯಿ ಎಂಟರಿಂದ ಹನ್ನೆರಡು ತಿಂಗಳು ಕೂರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಕುಳುಕುಳು ಎಂದರೆ ಇನ್ನೂ ನೀರಿದೆ, ಮತ್ತೆ ಮೇಲಕ್ಕೆ. ಆಮೇಲೆ ಮಟ್ಟೆ ಸುಲಿದು, ಒಡೆಯುವ ಹೆಂಗಸರ ಮುಂದೆ ರಾಶಿ ಹಾಕುತ್ತೇವೆ. ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ, ಬಲಗೈಯಲ್ಲಿ ಮಚ್ಚಿನಿಂದ ಸುತ್ತಲೂ ಮೂರ್ನಾಲ್ಕು ಏಟು. ಏಟು ಚಿಪ್ಪಿಗೆ ಬೀಳಬೇಕು, ಕೊಬ್ಬರಿಗೆ ತಾಗಬಾರದು. ಉಂಡೆ ಇಡಿಯಾಗಿ ಉರುಳಿ ಬಂದರೆ ಒಂದು ಬೆಲೆ, ಹೋಳಾದರೆ ಬೇರೆ, ಹಳಸಿ ಕೌಟಾದರೆ ಎಣ್ಣೆ ಗಾಣಕ್ಕೆ. ಆ ಹೆಂಗಸರ ಮಣಿಕಟ್ಟಿನ ಅಂದಾಜಿನ ಮೇಲೆ ನಮ್ಮ ವರ್ಷದ ಆದಾಯ ನಿಂತಿದೆ ಎಂದರೆ ಅತಿಶಯವಲ್ಲ. ಅವರಿಗೆ ಸಾವಿರ ಕಾಯಿಗೆ ಇಷ್ಟು ಎಂದು ಕೂಲಿ. ಕೈಗವಸು ಕೊಡುವವರು ವಿರಳ. ಹೊರದೇಶದ ದೊಡ್ಡ ಅಂಗಡಿಗಳವರು ಕೆಲಸಗಾರರ ಸ್ಥಿತಿಯನ್ನೂ ಪರಿಶೀಲಿಸುತ್ತಾರೆ, ಇದನ್ನೂ ಕೇಳುತ್ತಾರೆ. ಅವರು ಕೇಳದಿದ್ದರೂ ನಾವೇ ಕೊಡಬೇಕಾದದ್ದು, ಆ ಮಾತು ಬೇರೆ.

ಬಿಸಿಲಿಗೆ ಹರಡಿಲ್ಲ, ಯಂತ್ರದಲ್ಲಿ ಬೇಯಿಸಿಲ್ಲ, ಸಕ್ಕರೆ ಹಾಕಿಲ್ಲ. ಚಿಪ್ಪಿನೊಳಗೇ, ನೊಣ ಧೂಳು ಸೋಕದೆ ಒಣಗಿದ ತಿನಿಸು. ಇಷ್ಟನ್ನು ಪುರಾವೆ ಸಮೇತ ಹೇಳಬಲ್ಲವನಿಗೆ ಲಂಡನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಗಿರಾಕಿ ಸಿಗುತ್ತಾನೆ. ಅಮೆರಿಕದಲ್ಲಂತೂ ಒಂದು ದೊಡ್ಡ ತೊಡಕು ಕಳಚಿದೆ. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ, ಅಲರ್ಜಿಯ ಎಚ್ಚರಿಕೆ ಹಾಕಲೇಬೇಕಾದ ಮರದ ಬೀಜಗಳ ಪಟ್ಟಿಯಿಂದ ತೆಂಗನ್ನು ಕೈಬಿಟ್ಟಿತು. ಬಾದಾಮಿ, ಗೋಡಂಬಿಯವರಿಗೆ ಇನ್ನೂ ಇರುವ ಕಟ್ಟಳೆ ನಮಗಿಲ್ಲ. ಈ ಸುದ್ದಿಯನ್ನು ನಮ್ಮ ಜಿಲ್ಲೆಯ ಯಾವ ತರಬೇತಿಯಲ್ಲೂ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಇನ್ನು ಆ ಕಾಗದದ ವಿಷಯ.

ಕಾಳು, ಬೀಜ, ಒಣಹಣ್ಣು ಎಲ್ಲಕ್ಕೂ ಒಬ್ಬನೇ ಶತ್ರು: ಬೂಷ್ಟು. ಅದರಲ್ಲೂ ಆಸ್ಪರ್ಜಿಲಸ್ ಜಾತಿಯ ಹಸಿರು-ಹಳದಿ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರಿಗೆ ದಾರಿ ಎಂದು ಜಗತ್ತೆಲ್ಲ ಒಪ್ಪಿದೆ. ಯುರೋಪಿನ ಒಕ್ಕೂಟ ನೇರವಾಗಿ ತಿನ್ನುವ ಬಾದಾಮಿ, ಪಿಸ್ತಾಗಳಿಗೆ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂವರೆಗೆ ಬಿಡುತ್ತದೆ. ಉಳಿದ ಬಹುತೇಕ ಮರದ ಬೀಜ, ಒಣಹಣ್ಣುಗಳಿಗೆ ಒಟ್ಟು 4. ಅದರಲ್ಲಿ ಅತಿ ಅಪಾಯದ ಬಿ1 ಬಗೆ 2 ಮೀರಬಾರದು. 4 ಮೈಕ್ರೋಗ್ರಾಂ ಎಂದರೆ ಒಂದು ಟನ್ ಮಾಲಿನಲ್ಲಿ 4 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಎಷ್ಟೋ ಪಾಲು ಕಡಿಮೆ. ಮೀರಿದರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ, ಅವರ ಎಚ್ಚರಿಕೆಯ ಜಾಲದಲ್ಲಿ ದೇಶದ ಹೆಸರು ಬೀಳುತ್ತದೆ, ಆಮೇಲೆ ಬರುವ ಎಲ್ಲರ ಸರಕಿಗೂ ತಪಾಸಣೆ ಬಿಗಿಯಾಗುತ್ತದೆ. ಭಾರತದ ಕಡಲೇಕಾಯಿ ಈ ಬಿಸಿ ಅನುಭವಿಸಿದೆ.

ಅಫ್ಲಾಟಾಕ್ಸಿನ್ನಿನ ಸ್ವಭಾವವೇ ವಿಚಿತ್ರ. ಹಾಲಿಗೆ ಬೆರೆಸಿದ ನೀರಿನ ಹಾಗೆ ಅದು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಚೀಲದ ನೂರು ಉಂಡೆಯಲ್ಲಿ ತೊಂಬತ್ತೊಂಬತ್ತು ಅಪ್ಪಟ, ಒಂದರಲ್ಲಿ ಮಾತ್ರ ವಿಷದ ರಾಶಿ. ಹಾಗಾಗಿಯೇ ಯುರೋಪಿನವರು ದೊಡ್ಡ ಲಾಟಾದರೆ ನೂರು ಕಡೆಯಿಂದ ಮಾದರಿ ತೆಗೆದು ಬೆರೆಸಿ ಪರೀಕ್ಷಿಸುತ್ತಾರೆ. ನಮ್ಮ ಯಾರ್ಡಿನಲ್ಲಿ ಚೀಲಕ್ಕೆ ಕೈ ಹಾಕಿ ನಾಲ್ಕು ಉಂಡೆ ತೆಗೆದು, ಒಂದನ್ನು ಒಡೆದು ಮೂಸಿ ದರ ಬರೆಯುತ್ತಾರೆ. ಅನುಭವಿ ವರ್ತಕರ ಮೂಗನ್ನು ನಾನು ಕಡೆಗಣಿಸುವುದಿಲ್ಲ; ಕೌಟು, ಕಮಟು ಅವರಿಂದ ತಪ್ಪಿಸಿಕೊಳ್ಳದು. ಆದರೆ ಮೈಕ್ರೋಗ್ರಾಂ ಮೂಗಿಗೆ ಸಿಗುವುದಿಲ್ಲ.

ತೇವ ಶೇ. 7ರ ಒಳಗಿದ್ದರೆ ಬೂಷ್ಟಿಗೆ ಬದುಕಿಲ್ಲ. ನಮ್ಮ ಅಟ್ಟದ ಕೊಬ್ಬರಿ ಚೆನ್ನಾಗಿ ಒಣಗಿದಾಗ ಅಲ್ಲಿಗೆ ಇಳಿಯುತ್ತದೆ. ತೊಂದರೆ ಬರುವುದು ಎರಡು ಕಡೆ. ಒಂದು, ದರ ಏರಿದಾಗ. ಇನ್ನೊಂದು ತಿಂಗಳು ಕಾಯಬೇಕಾದ ಕಾಯಿಯನ್ನು ಆಸೆಗೆ ಬಿದ್ದು ಇಳಿಸಿ ಒಡೆಯುತ್ತಾರೆ. ಹಸಿ ಇರುವ ಉಂಡೆಯನ್ನು ಗೋಣಿಗೆ ತುಂಬಿ ಹೊಲಿಗೆ ಹಾಕುತ್ತಾರೆ. ಎರಡು, ಮಳೆಗಾಲದಲ್ಲಿ. ಅಟ್ಟದ ಕೆಳಗೆ ಮಟ್ಟೆಯ ಹೊಗೆ ಹಾಕುವ ಪದ್ಧತಿ ಕೆಲವು ಕಡೆ ಇದೆ. ಹೊಗೆ ಬೂಷ್ಟನ್ನೇನೋ ತಡೆಯುತ್ತದೆ, ಆದರೆ ಬೆಂಜೋಪೈರೀನ್‌ನಂಥ ಬೇರೆ ಕಲ್ಮಶಗಳನ್ನು ಬಿಟ್ಟು ಹೋಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅದು ಎಷ್ಟಿರಬಹುದು ಎಂಬುದಕ್ಕೂ ಯುರೋಪು ಮಿತಿ ಹಾಕಿದೆ. ಗಂಧಕದ ಹೊಗೆ ಕೊಟ್ಟು ಬೆಳ್ಳಗೆ ಮಾಡಿದ ಮಾಲಾದರೆ ಅದರ ಶೇಷ ಕಿಲೋಗೆ 10 ಮಿಲಿಗ್ರಾಂ ದಾಟಿದ ಕೂಡಲೇ ಪೊಟ್ಟಣದ ಮೇಲೆ ಸಲ್ಫೈಟ್ ಎಂದು ಬರೆಯಬೇಕು. ಗಂಧಕ ಮುಟ್ಟದ ಅಟ್ಟದ ಉಂಡೆ ಗೆಲ್ಲಬಹುದಾದ ಜಾಗ ಇದೇ. ಗೆದ್ದಿದ್ದೇವೆ ಎಂದು ತೋರಿಸುವುದು ಹೇಗೆ?

ನಮ್ಮ ಕಂಪನಿಗೆ ಒಮ್ಮೆ ಬೆಂಗಳೂರಿನ ರಫ್ತುದಾರರೊಬ್ಬರಿಂದ ಕೇಳಿಕೆ ಬಂದಿತ್ತು. ಯಾವ ತೋಟದ ಕಾಯಿ, ಯಾವ ತಿಂಗಳು ಕೆಡವಿದ್ದು, ಹೊಗೆ ಹಾಕಿದ್ದೀರಾ, ಗಂಧಕ ಹಾಕಿದ್ದೀರಾ, ಅಫ್ಲಾಟಾಕ್ಸಿನ್ ವರದಿ ಎಲ್ಲಿ ಎಂದು ಕೇಳಿದರು. ಮೊದಲ ನಾಲ್ಕಕ್ಕೆ ಉತ್ತರ ಕೊಟ್ಟೆವು. ಐದನೆಯದಕ್ಕೆ ಮಾದರಿ ಕಟ್ಟಿ ಬೇರೆ ಊರಿನ ಲ್ಯಾಬಿಗೆ ಕಳಿಸಿದೆವು. ವರದಿ ಒಳ್ಳೆಯದೇ ಬಂತು, ಬರುವಷ್ಟರಲ್ಲಿ ಅವರ ಕಂಟೇನರ್ ಹೊರಟಿತ್ತು. ವರದಿ ಬಂದ ಮೇಲೆ ಅವರು ಇನ್ನೊಂದು ಮಾತು ಎತ್ತಿದರು, ಅದರಲ್ಲಿ ನ್ಯಾಯವಿತ್ತು: "ಈ ವರದಿ ಈ ಚೀಲದ್ದೇ ಅನ್ನುವುದಕ್ಕೆ ಸಾಕ್ಷಿ ಏನು?" ಮಾದರಿ ತೆಗೆದವರು ನಾವೇ, ಕಟ್ಟಿದವರು ನಾವೇ. ನಮ್ಮ ಮಾತು ಬಿಟ್ಟರೆ ಸಾಕ್ಷಿ ಇರಲಿಲ್ಲ. ಆ ಲಾಟು ಕೊನೆಗೆ ಯಾರ್ಡಿಗೇ ಹೋಯಿತು. ಅಲ್ಲಿ ಗಾತ್ರ ನೋಡಿ ಜರಡಿ ಹಿಡಿದು, ಹತ್ತಾರು ಊರಿನ ಮಾಲಿನ ಜೊತೆ ಒಂದೇ ರಾಶಿಗೆ ಸುರಿದರು. ಒಂದು ವರ್ಷ ಅಟ್ಟದ ಮೇಲೆ ಜೋಪಾನ ಮಾಡಿದ್ದರ ಗುರುತು ಅಳಿಯುವುದಕ್ಕೆ ಕಾಲು ಗಂಟೆ ಸಾಕಾಯಿತು.

ಇದೇ ಜಿಲ್ಲೆಯ ಇನ್ನೊಂದು ತುದಿಗೆ ಹೋಗಿ ನೋಡಿ. ಸಕಲೇಶಪುರದ ಕಾಫಿ ಬೆಳೆಗಾರರು, ಆಚೆ ಚಿಕ್ಕಮಗಳೂರು, ಮೂಡಿಗೆರೆಯವರು ಎಸ್ಟೇಟಿನ ಹೆಸರು, ಎಷ್ಟು ಎತ್ತರದ ತೋಟ, ಹೇಗೆ ಸಂಸ್ಕರಿಸಿದ್ದು, ರುಚಿ ಪರೀಕ್ಷೆಯಲ್ಲಿ ಎಷ್ಟು ಅಂಕ ಎಂಬುದನ್ನೆಲ್ಲ ಚೀಲದ ಜೊತೆಗೇ ಕಳಿಸುತ್ತಾರೆ. ಅವರಿಗೂ ಇದು ಆಕಾಶದಿಂದ ಬಿದ್ದದ್ದಲ್ಲ. 1990ರ ದಶಕದ ನಡುವಿನವರೆಗೆ ಅವರ ಕಾಫಿಯೂ ಕಾಫಿ ಮಂಡಳಿಯ ಪೂಲಿನಲ್ಲಿ ಎಲ್ಲರದರ ಜೊತೆ ಬೆರೆತು ಹೋಗುತ್ತಿತ್ತು. ಆ ಪೂಲ್ ಪದ್ಧತಿ ಹೋಗಿ ಬೆಳೆಗಾರರೇ ಮಾರುವಂತಾದ ಮೇಲೆ ಗುರುತು ಹುಟ್ಟಿತು, ಗುರುತಿಗೆ ಬೆಲೆ ಬಂತು. ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರವಿದೆ, ರುಚಿ ನೋಡುವ ತಜ್ಞರಿದ್ದಾರೆ. ಘಟ್ಟದ ಮೇಲಿನವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಬಯಲಿನವರಿಗೂ ಒಂದಿರಲಿ ಎಂದು ಕೇಳುವುದು ತಪ್ಪಲ್ಲ ಎಂದುಕೊಂಡಿದ್ದೇನೆ.

ದಾರಿ ಹೊಸದೇನೂ ಅಲ್ಲ. ಕೃಷಿ ರಫ್ತನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೇಡಾ 2006ರಲ್ಲಿ ಯುರೋಪಿಗೆ ಹೋಗುವ ದ್ರಾಕ್ಷಿಗೆ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ತಂದಿತು. ತೋಟಕ್ಕೊಂದು ನೋಂದಣಿ ಸಂಖ್ಯೆ. ಮಾನ್ಯತೆ ಇರುವ ಲ್ಯಾಬಿನವರೇ ಬಂದು ಮಾದರಿ ತೆಗೆಯುತ್ತಾರೆ. ಫಲಿತಾಂಶ ಆ ಸಂಖ್ಯೆಗೆ ಅಂಟುತ್ತದೆ. ಪಾಸಾದ ತೋಟದ ಹಣ್ಣು ಮಾತ್ರ ಪ್ಯಾಕ್‌ಹೌಸ್ ಹೊಕ್ಕುತ್ತದೆ. ಕಡಲೇಕಾಯಿಗೂ ಇಂಥದೇ ಒಂದು ಜಾಲ ಬಂತು. ದ್ರಾಕ್ಷಿ ಕೆಲವೇ ದಿನದಲ್ಲಿ ಕೊಳೆಯುವ ಹಣ್ಣು, ಅಂಥ ಹಣ್ಣಿಗೂ ಇದು ಸಾಧ್ಯವಾಗಿದೆ. ಒಂದು ವರ್ಷ ಅಟ್ಟದ ಮೇಲೆ ಅಲುಗದೆ ಕೂರುವ ಕಾಯಿಗೆ ಸಂಖ್ಯೆ ಕೊಡುವುದು ಕಷ್ಟವೇ? ಪ್ರತಿ ಅಟ್ಟಕ್ಕೆ ಒಂದು ಸಂಖ್ಯೆ, ಕಾಯಿ ಏರಿಸಿದ ತಾರೀಖು, ಇಳಿಸಿದ ತಾರೀಖು, ಹೊಗೆ ಹಾಕಿದ್ದು ಅಥವಾ ಹಾಕದ್ದು. ಇದಕ್ಕೆ ಒಂದು ನೋಟ್‌ಬುಕ್ ಸಾಕು. ನಮ್ಮ ಕಂಪನಿಯ ಕೆಲವರು ಈಗಾಗಲೇ ಬರೆಯುತ್ತಿದ್ದಾರೆ, ಕೆಲವರು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿದ್ದಾರೆ.

ನಮಗೆ ಬೇಕಾದ್ದು ಯಾರ್ಡಿನ ಒಳಗೆ ಒಂದು ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್. ಐಷಾರಾಮಿ ಕಟ್ಟಡ ಬೇಡ. ತೇವ, ಅಫ್ಲಾಟಾಕ್ಸಿನ್, ಸಲ್ಫೈಟ್, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇಷ್ಟನ್ನು ನೋಡಿ ಬೇಗ ವರದಿ ಕೊಟ್ಟರೆ ಸಾಕು. ಸಾಲ್ಮೊನೆಲ್ಲಾ ನಮಗಿಂತ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಗಳಿಗೆ ಹೆಚ್ಚು ಮುಖ್ಯ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಶ್ರೀಲಂಕಾದವರ ಜೊತೆ ಪೈಪೋಟಿಗಿಳಿಯುವ ಅವರೂ ಈ ಲ್ಯಾಬಿನ ಗಿರಾಕಿಗಳೇ ಆಗುತ್ತಾರೆ, ಲ್ಯಾಬಿನ ಖರ್ಚು ಗಿಟ್ಟುತ್ತದೆ. ಲ್ಯಾಬಿನ ಸಿಬ್ಬಂದಿಯೇ ಮಾದರಿ ತೆಗೆದು ಸೀಲು ಒತ್ತಲಿ. ಪಾಸಾದ ಲಾಟನ್ನು ಯಾರ್ಡಿನಲ್ಲಿ ಬೇರೆ ಅಂಕಣದಲ್ಲಿಟ್ಟು, ಇ-ಟೆಂಡರಿನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ. ಸಂಖ್ಯೆ, ವರದಿ ಎರಡೂ ಪರದೆಯ ಮೇಲೆ ಕಾಣಲಿ. ಮುಂಬಯಿಯ ರಫ್ತುದಾರನೂ ಕೂತಲ್ಲಿಂದ ದರ ಬರೆಯಬಹುದು. ಎಪಿಎಂಸಿಯ ಕೈಯಲ್ಲಿ ಆಗುವ ಕೆಲಸ ಇದು, ಅದಕ್ಕೆ ದೆಹಲಿಗೆ ಹೋಗಬೇಕಿಲ್ಲ.

ಕೇಂದ್ರದ ಮಟ್ಟದಲ್ಲೇ ಆಗಬೇಕಾದದ್ದು ಇನ್ನೊಂದಿದೆ. ತೆಂಗು ಅಭಿವೃದ್ಧಿ ಮಂಡಳಿಗೆ 2009ರಲ್ಲಿ ತೆಂಗಿನ ಉತ್ಪನ್ನಗಳ ರಫ್ತು ಉತ್ತೇಜನದ ಹೊಣೆ ಬಂತು. ಅಧ್ಯಕ್ಷರೇ, ಇದು ನಿಮಗೆ. ಜಾಗತಿಕ ಕಸ್ಟಮ್ಸ್ ಪಟ್ಟಿಯಲ್ಲಿ ತಿನ್ನುವ ತೆಂಗು 0801 ಎಂಬ ಸಂಖ್ಯೆಯಡಿ, ಗೋಡಂಬಿಯ ಪಕ್ಕದಲ್ಲಿ ಕೂತಿದೆ. ಎಣ್ಣೆ ತೆಗೆಯುವ ಕೊಬ್ಬರಿ 1203ರಲ್ಲಿ, ಎಣ್ಣೆಕಾಳುಗಳ ಅಧ್ಯಾಯದಲ್ಲಿದೆ. ಅದೇ ಎಣ್ಣೆ ಕೊಬ್ಬರಿ ಹಡಗಿನವರ ಅಪಾಯಕಾರಿ ಸರಕುಗಳ ಪಟ್ಟಿಯಲ್ಲೂ ಇದೆ: ಯುಎನ್ 1363, ವರ್ಗ 4.2, ಅಂದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು. ಹಸಿ ಕೊಬ್ಬರಿಯನ್ನು ಹಡಗಿನ ಹೊಟ್ಟೆಗೆ ಸುರಿದು ಸಾಗಿಸಿದ ಕಾಲದ ಅನುಭವದಿಂದ ಬಂದ ಎಚ್ಚರಿಕೆ ಅದು, ಸರಿಯಾದದ್ದೇ. ಆದರೆ ದಾಖಲೆಯಲ್ಲಿ ಕೊಬ್ಬರಿ ಎಂದು ಕಂಡ ಕೂಡಲೇ ಹಡಗು ಕಂಪನಿ ತಿನ್ನುವ ಉಂಡೆಗೂ ಅದೇ ಪ್ರಶ್ನೆ ಎತ್ತಿದರೆ ಸಣ್ಣ ರಫ್ತುದಾರ ಎಲ್ಲಿಗೆ ಹೋಗಬೇಕು? ತಿನ್ನುವ ಉಂಡೆ ಕೊಬ್ಬರಿಗೆ ತೇವ ಇಷ್ಟು, ಪ್ಯಾಕಿಂಗ್ ಹೀಗೆ, ಯಾವ ಸಂಖ್ಯೆಯಡಿ ಕಳಿಸಬೇಕು ಎಂದು ಮಂಡಳಿ ಒಂದು ಸ್ಪಷ್ಟ ಮಾರ್ಗಸೂಚಿ ಹೊರಡಿಸಿ, ಹಡಗು ಕಂಪನಿಗಳು ಮತ್ತು ಕಸ್ಟಮ್ಸಿನವರ ಜೊತೆ ಕೂತು ಒಪ್ಪಿಸಲಿ. ವಿದೇಶದ ಮೇಳದಲ್ಲಿ ಮಳಿಗೆ ಹಾಕುವುದಕ್ಕಿಂತ ಇದರಿಂದ ಹೆಚ್ಚು ಚೀಲ ಹೊರಡುತ್ತದೆ ಎಂಬುದು ನನ್ನ ಅಂದಾಜು.

"ದರ ಚೆನ್ನಾಗಿರುವಾಗ ರಫ್ತಿನ ಗೊಡವೆ ಯಾಕೆ?" ಎಂದು ನಮ್ಮೂರಲ್ಲೇ ಕೇಳುವವರಿದ್ದಾರೆ. 2024ರ ಆರಂಭವನ್ನು ಅವರಿಗೆ ನೆನಪಿಸುತ್ತೇನೆ. ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಯಾರ್ಡಿನ ದರ ಅದಕ್ಕಿಂತ ಎಷ್ಟೋ ಕೆಳಗೆ. ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರದ ಸಂಸ್ಥೆ ನಾಫೆಡ್‌ನ ಖರೀದಿಗೆ ಹೆಸರು ನೋಂದಾಯಿಸಲು ಜನ ರಾತ್ರಿಯೆಲ್ಲ ಸರದಿಯಲ್ಲಿ ಮಲಗಿದರು. ಮರುವರ್ಷ ಬೆಂಬಲ ಬೆಲೆ 12,100, ಅದನ್ನು ಕೇಳುವವರೇ ಇರಲಿಲ್ಲ. 2025ರ ನಡುವಿಗೆ ತಿಪಟೂರಿನಲ್ಲಿ ದರ 25,000 ದಾಟಿತ್ತು. ಬರ, ಬಿಳಿ ನೊಣ, ಕಪ್ಪು ತಲೆ ಹುಳುವಿನಿಂದ ಇಳುವರಿ ಇಳಿದದ್ದು, ಎಳನೀರಿಗೇ ಕಾಯಿ ಹೋದದ್ದು ಎಲ್ಲ ಸೇರಿ ಹೀಗಾಯಿತು. ದರ ಬಿದ್ದಾಗ ರಫ್ತು ರಫ್ತು ಎಂದು ಕೂಗುತ್ತೇವೆ, ಏರಿದಾಗ ಮರೆಯುತ್ತೇವೆ. ಹೊರದೇಶದ ಖರೀದಿದಾರ ನಮ್ಮ ಈ ಆಟಕ್ಕೆ ಕಾಯುವುದಿಲ್ಲ. ಎರಡು ವರ್ಷ ತಪ್ಪದೆ ಒಂದೇ ಗುಣದ ಮಾಲು ಕೊಟ್ಟವನ ಹತ್ತಿರ ಹೋಗುತ್ತಾನೆ. ಎಳನೀರು ಕಿತ್ತರೆ ಅದೇ ದಿನ ಕೈಗೆ ಕಾಸು, ಅಟ್ಟಕ್ಕೆ ಹಾಕಿದರೆ ಒಂದು ವರ್ಷ ಕಾಯಬೇಕು. ಆ ಕಾಯುವಿಕೆಗೆ ಹೆಚ್ಚಿನ ಬೆಲೆ ಇಲ್ಲವೆಂದಾದರೆ ಅಟ್ಟಗಳು ತಾವಾಗಿಯೇ ಖಾಲಿಯಾಗುತ್ತವೆ. ಈಗಲೇ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಹಳೆಯ ಮಂಚ, ಸೈಕಲ್ಲು ಸೇರಿವೆ.

ಎಲ್ಲ ಕೊಬ್ಬರಿಯೂ ವಿಮಾನ ಹತ್ತುತ್ತದೆ ಎಂಬ ಭ್ರಮೆ ನನಗಿಲ್ಲ. ನಮ್ಮ ದೊಡ್ಡ ಗಿರಾಕಿ ಇವತ್ತಿಗೂ ನಾಳೆಗೂ ಉತ್ತರ ಭಾರತವೇ, ಆ ವ್ಯಾಪಾರ ಹಾಗೇ ನಡೆಯಲಿ. ನೂರಕ್ಕೆ ಎರಡು ಮೂರು ಚೀಲ ಗುರುತಿನ ಸಮೇತ ಹೊರಗೆ ಹೋದರೂ, ಚೆನ್ನಾಗಿ ಒಣಗಿಸಿದವನಿಗೂ ಹಸಿಯಾಗಿ ತಂದವನಿಗೂ ಬೇರೆ ಬೇರೆ ಬೆಲೆ ಎಂಬುದು ಯಾರ್ಡಿನಲ್ಲಿ ಕಣ್ಣಿಗೆ ಕಾಣುತ್ತದೆ. ಸದ್ಯ ಗಾತ್ರಕ್ಕೆ ಬೆಲೆಯಿದೆ, ಬಣ್ಣಕ್ಕೆ ಬೆಲೆಯಿದೆ, ಜೋಪಾನಕ್ಕಿಲ್ಲ.

ಜಿಲ್ಲಾಧಿಕಾರಿಗಳೇ, ಮುಂದಿನ ತರಬೇತಿಗೆ ಇಟ್ಟ ಹಣದಲ್ಲಿ ಒಂದು ಸಭೆಯನ್ನು ಅರಸೀಕೆರೆ ಯಾರ್ಡಿನಲ್ಲೇ ಕರೆಯಿರಿ. ಮಂಡಳಿಯ ಬೆಂಗಳೂರು ಕಚೇರಿಯವರು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಒಬ್ಬ ವಿಜ್ಞಾನಿ, ಎಪಿಎಂಸಿ ಕಾರ್ಯದರ್ಶಿ, ವರ್ತಕರು, ರೈತರ ಕಂಪನಿಗಳವರು ಒಂದೇ ಮೇಜಿನ ಸುತ್ತ ಕೂರಲಿ. ಕೊಬ್ಬರಿ ಒಡೆಯುವ ಹೆಂಗಸರಲ್ಲಿ ಇಬ್ಬರನ್ನಾದರೂ ಕರೆಯಿರಿ. ಹಸಿ ಉಂಡೆ ಯಾವುದು ಎಂದು ಅವರು ನಿಮ್ಮ ಎದುರಿಗೇ ತೋರಿಸುತ್ತಾರೆ. ಲ್ಯಾಬಿಗೆ ಜಾಗ ಯಾವುದು, ಹಣ ಯಾವ ಯೋಜನೆಯದು, ಮಾದರಿ ತೆಗೆಯುವವರು ಯಾರು ಎಂಬ ಮೂರು ಪ್ರಶ್ನೆಗೆ ಅಂದೇ ಉತ್ತರ ಬರೆದು ಸಹಿ ಹಾಕಿ. ನಮ್ಮ ಕಂಪನಿಯ ಸದಸ್ಯರ ಅಟ್ಟಗಳ ಪಟ್ಟಿ, ಇಲ್ಲಿಯವರೆಗೆ ಬರೆದ ದಾಖಲೆ ಎಲ್ಲವನ್ನೂ ನಾನು ತರುತ್ತೇನೆ. ಬೇಸಿಗೆಯ ಕಾಯಿ ಅಟ್ಟ ಏರುವ ಮುಂಚೆ ಸಭೆ ನಡೆದರೆ ಆ ಕಾಯಿಗೇ ಮೊದಲ ಸಂಖ್ಯೆ ಹಾಕಬಹುದು.

ಇತಿ ತಮ್ಮ ವಿಶ್ವಾಸಿ,
ಬಾಣಾವರ ಹೋಬಳಿಯ ಒಬ್ಬ ತೆಂಗು ಬೆಳೆಗಾರ
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ